ಸೆಪ್ಟೆಂಬರ್ ಕೊನೆಯಲ್ಲಿ ಓಸ್ಲೋ: ಮೊದಲು ಫೋರಿಕೋಲ್ ತಿನ್ನಿ
ಸೆಪ್ಟೆಂಬರ್ ಕೊನೆಯ ವಾರ ಓಸ್ಲೋದಲ್ಲಿರುವಾಗ ಯಾವ ಸಾಂಪ್ರದಾಯಿಕ ಊಟವನ್ನು ತಪ್ಪಿಸಬಾರದು ಎಂದು ಕೇಳಿದ್ದೀರಿ, ಮಾಂಸಾಹಾರಿಯೆಂದೂ ತಿಳಿಸಿದ್ದೀರಿ. ಖಂಡಿತವಾಗಿ ಫೋರಿಕೋಲ್. ಮೂಳೆಸಹಿತ ಕುರಿಮಾಂಸವನ್ನೂ ಎಲೆಕೋಸಿನ ದಪ್ಪ ಹೋಳುಗಳನ್ನೂ ಪದರಪದರವಾಗಿ ಜೋಡಿಸಿ, ಉಪ್ಪು ಮತ್ತು ಇಡಿಯ ಕಾಳುಮೆಣಸನ್ನು ಹಾಕಿ, ಮಾಂಸವು ಮೂಳೆಯಿಂದ ಕಳಚಿಕೊಳ್ಳುವವರೆಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಈ ಅಡುಗೆ 1972ರಿಂದ ನಾರ್ವೆಯ ರಾಷ್ಟ್ರೀಯ ಖಾದ್ಯವೆನಿಸಿದೆ. ಸೆಪ್ಟೆಂಬರಿನ ಕೊನೆಯ ಗುರುವಾರವನ್ನು ಅದರ ದಿನವೆಂದೇ ಆಚರಿಸುತ್ತಾರೆ. ಮಸಾಲೆಯಿಲ್ಲವೆಂದು ಹಿಂಜರಿಯಬೇಡಿ, ಬೇಸಿಗೆಯಿಡೀ ಬೆಟ್ಟದಲ್ಲಿ ಮೇದ ಕುರಿಯ ರುಚಿಯೆಲ್ಲ ಆ ತಿಳಿಸಾರಿಗೆ ಇಳಿದಿರುತ್ತದೆ.

ಬ್ರೂನೋಸ್ಟ್ ಎಂಬ ಕಂದು ಚೀಸನ್ನು ತೆಳುವಾಗಿ ಹೆರೆದು ಬಿಸಿ ವಾಫಲ್ ಮೇಲಿಟ್ಟು ತಿನ್ನಿ. ಹಾಲು ಒಡೆದಾಗ ಉಳಿಯುವ ನೀರನ್ನು ಬತ್ತಿಸುವಾಗ ಅದರೊಳಗಿನ ಸಕ್ಕರೆ ಕಂದುಗಟ್ಟುವುದರಿಂದ ಆ ಬಣ್ಣವೂ ಸಿಹಿಯೂ ಬರುತ್ತವೆ. ಕ್ಷಾರದಲ್ಲಿ ನೆನೆಸಿದ ಒಣಮೀನಿನ ಲೂಟೆಫಿಸ್ಕ್‌ಗೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳೇ ಸರಿಯಾದ ಕಾಲ.