ರಕ್ತ ತೆಳು ಮಾಡುವ ಮಾತ್ರೆ ಹೆಪ್ಪನ್ನು ಕರಗಿಸುತ್ತಾ?

ಅಪ್ಪನ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ, ಮಾತ್ರೆ ಮಾತ್ರ ಕೊಟ್ಟಿದ್ದಾರೆ, ಕರಗಿಸುವ ಇಂಜೆಕ್ಷನ್ ಯಾಕೆ ಕೊಡಲಿಲ್ಲ ಅಂತ ಕೇಳಿದ್ದೀರಿ. ನಾನು ಸ್ಟ್ರೋಕ್ ವಾರ್ಡಿನಲ್ಲಿ ನರ್ಸ್. ಆ ಇಂಜೆಕ್ಷನ್ ಕೈಯಾರೆ ಕೊಟ್ಟವಳು.

ಆ ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ. ಕರಗಿಸುವುದು ಅಪ್ಪನ ರಕ್ತವೇ.

ಹೆಪ್ಪು ಅಂದರೆ ಫೈಬ್ರಿನ್ ಎಂಬ ಸಣ್ಣ ಎಳೆಗಳ ಬಲೆ. ರಕ್ತದಲ್ಲಿ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನ್ ಸುಮ್ನೆ ಓಡಾಡಿಕೊಂಡಿರುತ್ತದೆ. ಬಲೆ ಕಟ್ಟುವಾಗ ಅದೂ ಒಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ರಕ್ತನಾಳದ ಒಳಪದರದಿಂದ ಟಿಪಿಎ ಎಂಬ ಕಿಣ್ವ ಬಂದು ಅದನ್ನು ಪ್ಲಾಸ್ಮಿನ್ ಆಗಿ ಬದಲಿಸುತ್ತದೆ. ಎಳೆಗಳನ್ನು ಕತ್ತರಿಸುವುದು ಈ ಪ್ಲಾಸ್ಮಿನ್. ಬಲೆಯಿಂದ ತಪ್ಪಿಸಿಕೊಂಡು ರಕ್ತಕ್ಕೆ ಬಂದರೆ ಅದನ್ನು ತಕ್ಷಣ ಕಟ್ಟಿಹಾಕುವ ಇನ್ನೊಂದು ಪ್ರೋಟೀನ್ ಕಾದಿರುತ್ತದೆ. ಇಲ್ಲದಿದ್ದರೆ ಬೇಕಾದ ಕಡೆಯ ಹೆಪ್ಪೂ ಕರಗಿಹೋಗುತ್ತಿತ್ತು, ಅಲ್ವಾ? ಎಷ್ಟು ವರ್ಷವಾದರೂ ಇದು ನನಗೆ ಬೆರಗು.

ನಾವು ಕೊಡುವ ಆಲ್ಟೆಪ್ಲೇಸ್ ಇಂಜೆಕ್ಷನ್ ಇದೇ ಟಿಪಿಎ, ಲ್ಯಾಬಿನಲ್ಲಿ ತಯಾರಾದದ್ದು. ಬಾಟಲಿಯಲ್ಲಿ ಬಿಳಿ ಪುಡಿ ಇರುತ್ತದೆ. ನೀರು ಸೇರಿಸಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆ ಬರುತ್ತದೆ. ಹೊರಗೆ ಎಷ್ಟೇ ಗಡಿಬಿಡಿ ಇದ್ದರೂ ಆ ಕ್ಷಣ ಕೈ ನಿಧಾನವಾಗಲೇಬೇಕು. ಮೆದುಳಿನ ನಾಳ ಹೆಪ್ಪಿನಿಂದ ಮುಚ್ಚಿ ಸ್ಟ್ರೋಕ್ ಆದವರಿಗೆ ತೂಕಕ್ಕೆ ತಕ್ಕ ಡೋಸಿನ ಹತ್ತನೇ ಒಂದು ಭಾಗವನ್ನು ಒಂದು ನಿಮಿಷದಲ್ಲಿ, ಉಳಿದದ್ದನ್ನು ಒಂದು ಗಂಟೆಯಲ್ಲಿ ಕೊಡುತ್ತೇವೆ. ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಶುರು ಮಾಡಬೇಕು. ಅದಕ್ಕೇ ಮನೆಯವರನ್ನು ನಾನು ಮೊದಲು ಕೇಳುವುದು, "ಇವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ?"

ಇಷ್ಟು ಒಳ್ಳೆಯ ಔಷಧ ಎಲ್ಲರಿಗೂ ಯಾಕಿಲ್ಲ ಅಂದರೆ, ರಕ್ತಸ್ರಾವ. ಇಷ್ಟು ಜಾಸ್ತಿ ಕೊಟ್ಟಾಗ ಎಲ್ಲೋ ಗಾಯ ಮುಚ್ಚಿಕೊಂಡಿರುವ ಹೆಪ್ಪೂ ಕರಗಬಹುದು. ಮೆದುಳಿನಲ್ಲೇ ರಕ್ತ ಸೋರಿದರೆ ಜೀವಕ್ಕೇ ಅಪಾಯ. ಮೆದುಳಿನ ನಾಳ ಮುಚ್ಚಿದಾಗ ಕಾಯಲು ಆಗುವುದಿಲ್ಲ, ಆ ಅಪಾಯ ತೆಗೆದುಕೊಳ್ಳುವುದಕ್ಕೆ ಅರ್ಥ ಇದೆ. ಕಾಲಿನ ಹೆಪ್ಪಿಗೆ ಹೆಚ್ಚಿನವರಲ್ಲಿ ಸಮಯ ಸಿಗುತ್ತದೆ. ವಾರಗಳು, ತಿಂಗಳುಗಳು ಹಿಡಿದರೂ ದೇಹ ನಿಧಾನಕ್ಕೆ ಕರಗಿಸುತ್ತದೆ. ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತದೆ ಕೂಡ.

ಹಾಗಾಗಿ ಊತ ಇಳಿಯಿತು ಅಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಅಪ್ಪನಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಬಿಪಿ ಕುಸಿದಿದ್ದರೆ ನೀವು ಕೇಳಿದ ಇಂಜೆಕ್ಷನ್ ಅಲ್ಲಿ ಬೇಕಾಗಬಹುದು. ಯಾವ ಮಾತ್ರೆ ನಡೆಯುತ್ತಿದೆ, ಕೊನೆಯ ಡೋಸ್ ಯಾವಾಗ ತೆಗೆದುಕೊಂಡರು ಅನ್ನುವುದನ್ನು ಚೀಟಿಯಲ್ಲಿ ಬರೆದು ಅವರ ಜೇಬಿನಲ್ಲೇ ಇಟ್ಟಿರಿ.