ಮಳೆ ಜೋರಾದರೆ ಡಿಟಿಎಚ್ ಸಿಗ್ನಲ್ ಹೋಗುತ್ತೆ. ಕಾ ಬ್ಯಾಂಡ್ ಎಂಬ, ಇನ್ನೂ ಹೆಚ್ಚಿನ ಆವರ್ತನದ ರೇಡಿಯೊ ಅಲೆ ಬಳಸುವ ಉಪಗ್ರಹ ಇಂಟರ್ನೆಟ್ ತಡೆದುಕೊಳ್ಳುತ್ತಾ?

ಬಹುಮಟ್ಟಿಗೆ ತಡೆದುಕೊಳ್ಳುತ್ತೆ, ಆದರೆ ವೇಗ ಬಿಟ್ಟುಕೊಟ್ಟು. ಮಳೆ ಬಿರುಸಾದಂತೆ ಮೋಡೆಮ್ ತಾನಾಗಿಯೇ ನಿಧಾನದ, ಆದರೆ ಗಟ್ಟಿಯಾದ ಕ್ರಮಕ್ಕೆ ಇಳಿಯುತ್ತೆ: ಕಳಿಸುವ ಮಾಹಿತಿ ಕಡಿಮೆ, ತಪ್ಪು ತಿದ್ದಲು ಸೇರಿಸುವ ಬಿಟ್‌ಗಳು ಜಾಸ್ತಿ. ವಿಡಿಯೊ ಮಸುಕಾದೀತು, ಸಂಪರ್ಕ ಸಾಮಾನ್ಯವಾಗಿ ಕಡಿಯದು; ಮಳೆ ತೀರಾ ಬಿರುಸಾದರೆ ಮಾತ್ರ ಸ್ವಲ್ಪ ಹೊತ್ತು ಕಡಿಯಬಹುದು. ಡಿಟಿಎಚ್‌ನಲ್ಲಿ ಇದು ಆಗದು, ಅದು ಎಲ್ಲರಿಗೂ ಒಂದೇ ಪ್ರಸಾರ. ನಿಮ್ಮೊಬ್ಬರ ಮನೆಗೆ ಮಳೆ ಬಂತೆಂದು ವೇಗ ಇಳಿಸಲಾಗದು.

ತೊಂದರೆಯ ಮೂಲ ಅಲೆಯ ಉದ್ದ. ಕೇಬಲ್‌ನವರ ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್‌ನಲ್ಲಿ, ಅಂದರೆ 4 ಗಿಗಾಹರ್ಟ್ಸ್‌ನಲ್ಲಿ, ಅಲೆ ಸುಮಾರು 7.5 ಸೆಂ.ಮೀ. ಕೆಲವೇ ಮಿಲಿಮೀಟರ್ ಹನಿ ಅದಕ್ಕೆ ಲೆಕ್ಕಕ್ಕಿಲ್ಲ. ಡಿಟಿಎಚ್‌ನ ಕೆಯು ಬ್ಯಾಂಡ್‌ನಲ್ಲಿ ಅದು 2.5 ಸೆಂ.ಮೀ. ಆಸುಪಾಸು, 20 ಗಿಗಾಹರ್ಟ್ಸ್‌ನ ಕಾ ಬ್ಯಾಂಡ್‌ನಲ್ಲಿ 1.5. ಅಲೆ ಹನಿಯ ಗಾತ್ರಕ್ಕೆ ಹತ್ತಿರವಾದಷ್ಟೂ ನೀರು ಅದನ್ನು ಹೀರುತ್ತೆ, ಚದುರಿಸುತ್ತೆ. ಜುಲೈ ಜಿಟಿಜಿಟಿಗಿಂತ ಮೇ ಸಂಜೆಯ ಗುಡುಗು ಮಳೆಯೇ ಕಾಟ ಕೊಡುವುದು ಅದಕ್ಕೇ, ಹನಿ ದಪ್ಪ, ಸುರಿತವೂ ದಟ್ಟ.

ವೈಟ್‌ಫೀಲ್ಡ್‌ನಲ್ಲಿ ಸುರಿಯುವಾಗ ರಾಜಾಜಿನಗರ ಒಣಗಿರುವುದುಂಟಲ್ಲ, ಉಪಗ್ರಹವನ್ನು ಇಂಟರ್ನೆಟ್‌ಗೆ ಜೋಡಿಸುವ ಭೂಕೇಂದ್ರದವರು ಅದನ್ನೇ ಬಳಸಿಕೊಳ್ಳುತ್ತಾರೆ: ಹತ್ತಾರು ಕಿ.ಮೀ. ಅಂತರದಲ್ಲಿ ಎರಡು ಕೇಂದ್ರ ಕಟ್ಟಿ, ಒಂದು ನೆನೆದಾಗ ಇನ್ನೊಂದಕ್ಕೆ ಹೊರಳುತ್ತಾರೆ. ಮನೆಯಲ್ಲಿ ನೀವು ಮಾಡಬಹುದಾದದ್ದು ಡಿಶ್ ಅನ್ನು ಸರಿಯಾಗಿ ಗುರಿ ಹಿಡಿಸುವುದು.