ವೈರಿಂಗ್ ಬಲ್ಲೆ, ಬೆಳಕಿನ ವಿನ್ಯಾಸ ವೃತ್ತಿಯಾದೀತೇ?

ಪ್ರಶ್ನೆ: ನಾನು ಅರಸೀಕೆರೆಯವನು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದ್ದೇನೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಗಳು ನಡೆಯುವಾಗ ಸೀನರಿಯವರ ಜೊತೆ ಹೋಗಿ ಲೈಟು ನೋಡಿಕೊಳ್ಳುತ್ತೇನೆ. ರಂಗಸಜ್ಜಿಕೆ ಮತ್ತು ಬೆಳಕಿನ ವಿನ್ಯಾಸವನ್ನೇ ವೃತ್ತಿಯಾಗಿ ಹಿಡಿಯಬಹುದೇ? ಎಲ್ಲಿ ಕಲಿಯಬೇಕು? ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಉತ್ತರ: ಹಿಡಿಯಬಹುದು, ಆದರೆ ಎಲೆಕ್ಟ್ರಿಷಿಯನ್ ಕೆಲಸವನ್ನು ಈಗಲೇ ಬಿಡಬೇಡಿ. ಈ ಕ್ಷೇತ್ರಕ್ಕೆ ಬರುವ ಹಲವರಿಗೆ ಇಲ್ಲದ ತಿಳಿವಳಿಕೆ ನಿಮಗೆ ಆಗಲೇ ಇದೆ. 1000 ವಾಟಿನ ಒಂದು ಹ್ಯಾಲೊಜೆನ್ ದೀಪ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ತುಸು ಹೆಚ್ಚೇ ಎಳೆಯುತ್ತದೆ. ಅಂಥ ಹತ್ತು ದೀಪಗಳನ್ನು ಒಂದೇ ಫೇಸಿಗೆ ಹಾಕಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನನಗೆ ಹೇಳುವವರಿರಲಿಲ್ಲವಾದ್ದರಿಂದ ನನ್ನ ಮೊದಲ ನಾಟಕದ ಮೂರನೇ ದೃಶ್ಯ ಕತ್ತಲೆಯಲ್ಲೇ ಮುಗಿಯಿತು.

ನೀವಿನ್ನು ರೂಢಿಸಿಕೊಳ್ಳಬೇಕಾದದ್ದು ನಾಟಕವನ್ನು ಓದುವ ಕಣ್ಣು ಮತ್ತು ಓದಿದ್ದನ್ನು ಕಾಗದದ ಮೇಲೆ ಬರೆದು ತೋರಿಸುವ ಕೈ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿರುವ ದೃಶ್ಯವನ್ನೇ ನೆನೆಯಿರಿ. ಕೆಂಪು, ನೀಲಿ ದೀಪಗಳನ್ನು ಒಟ್ಟಿಗೆ ಮಿನುಗಿಸುವುದು ನಮ್ಮಲ್ಲಿ ವಾಡಿಕೆ. ವಿನ್ಯಾಸಕ ಮೊದಲು ಕೇಳಿಕೊಳ್ಳುವುದೇ ಬೇರೆ: ಭೀಮನ ಮೂದಲಿಕೆ ಕೇಳುವವರೆಗೂ ದುರ್ಯೋಧನನ ಮುಖ ಕಾಣಬೇಕೇ? ಬೇಡವೆಂದಾದರೆ ಒಂದು ಬದಿಯಿಂದ ತಗ್ಗಿನಲ್ಲಿ ಬೀಳುವ ಮಂದ ಬೆಳಕು ಸಾಕು. ಅವನು ನೀರಿನಿಂದ ಎದ್ದಾಗ ಎದುರಿನ ದೀಪ ನಿಧಾನವಾಗಿ ಏರಲಿ. ಆ ಎದುರಿನ ದೀಪವನ್ನು ಸುಮಾರು 45 ಡಿಗ್ರಿ ಕೋನದಲ್ಲಿ ಇಡಬೇಕೆಂದು ಪಾಠದಲ್ಲಿ ಹೇಳುತ್ತಾರೆ, ಆದರೆ ಕಿರೀಟ ತೊಟ್ಟ ಪಾತ್ರಕ್ಕೆ ಅಷ್ಟು ಎತ್ತರದಿಂದ ಬೆಳಕು ಬಿಟ್ಟರೆ ಕಣ್ಣುಗಳೇ ನೆರಳಿನಲ್ಲಿ ಮುಳುಗುವುದರಿಂದ ದೀಪವನ್ನು ತುಸು ಇಳಿಸಲೇಬೇಕಾಗುತ್ತದೆ. ಅರಮನೆಯ ಪರದೆಯ ಮೇಲೆ ಭೀಮನ ನೆರಳು ಕಂಬಕ್ಕಿಂತ ಎತ್ತರವಾಗಿ ಓಡಾಡುವುದನ್ನೂ ನೀವು ನೋಡಿರುತ್ತೀರಿ. ನಟನನ್ನು ಪರದೆಯಿಂದ ನಾಲ್ಕಡಿ ಮುಂದೆ ನಿಲ್ಲಿಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಸಜ್ಜಿಕೆ ಮತ್ತು ಬೆಳಕನ್ನು ಒಟ್ಟಿಗೇ ಕಲಿಯಿರಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಲಿಕೆಗೆ ನೀವು ಹೋಗಬಹುದಾದ ಒಂದು ಜಾಗ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ. ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾಯಿತು. ಅಲ್ಲೇ ಉಳಿದು ಕಲಿಯುವ ಅಲ್ಲಿನ ಶಿಕ್ಷಣದಲ್ಲಿ ಅಭಿನಯದ ಜೊತೆಗೆ ನೇಪಥ್ಯದ ಕೆಲಸವೂ ಸೇರಿದೆ. ಅವರ ತಿರುಗಾಟ ನಾಟಕಗಳು ಊರಿಂದೂರಿಗೆ ಹೋಗುವುದರಿಂದ, ಒಂದೇ ಸಜ್ಜಿಕೆಯನ್ನು ಅಳತೆ ಬೇರೆಯಾದ ವೇದಿಕೆಗಳಿಗೆ ಕೆಲವೇ ಗಂಟೆಗಳಲ್ಲಿ ಹೊಂದಿಸುವುದನ್ನು ಗಮನಿಸಿದರೆ ಅದೇ ದೊಡ್ಡ ಪಾಠ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಶಿಕ್ಷಣಕ್ಕೆ ಪದವಿ ಬೇಕು. ಆ ಕಡೆ ಮನಸ್ಸಿದ್ದರೆ ದೂರಶಿಕ್ಷಣದಲ್ಲಾದರೂ ಪದವಿ ಮುಗಿಸಿಕೊಳ್ಳಿ.

ಮನೆಯವರ ಪ್ರಶ್ನೆ ನ್ಯಾಯವಾದದ್ದೇ. ಹವ್ಯಾಸಿ ನಾಟಕವೊಂದನ್ನೇ ನಂಬಿದರೆ ಮಳೆಗಾಲದ ತಿಂಗಳುಗಳು ಖಾಲಿ ಹೋಗುತ್ತವೆ. ಈ ಕೆಲಸದಲ್ಲಿರುವವರು ಸಾಮಾನ್ಯವಾಗಿ ನೃತ್ಯ ಪ್ರದರ್ಶನ, ಉತ್ಸವದ ವೇದಿಕೆ, ವಸ್ತುಪ್ರದರ್ಶನ, ಅಂಗಡಿ ಮತ್ತು ಹೋಂಸ್ಟೇಗಳ ದೀಪವ್ಯವಸ್ಥೆ ಇವುಗಳಿಂದ ವರ್ಷವನ್ನು ತೂಗಿಸುತ್ತಾರೆ. ಸಂಭಾವನೆಯನ್ನು ತಾಲೀಮು ಆರಂಭವಾಗುವ ಮೊದಲೇ ಮಾತಾಡಿಕೊಳ್ಳಿ. ನಾಟಕ ಮುಗಿದ ರಾತ್ರಿ ಹಾರ ಹಾಕುವವರು ಸಿಗುತ್ತಾರೆ, ಲೆಕ್ಕ ಚುಕ್ತಾ ಮಾಡುವವರು ಸಿಗುವುದಿಲ್ಲ.

ಸದ್ಯಕ್ಕೆ ಕಲಾಕ್ಷೇತ್ರದ ವೇದಿಕೆಯನ್ನು ಟೇಪು ಹಿಡಿದು ಅಳೆದು, ಒಂದಡಿಗೆ ಅರ್ಧ ಇಂಚಿನಂತೆ ರಟ್ಟಿನಲ್ಲಿ ಅದರ ಮಾದರಿ ಮಾಡಿ. ನೀವು ಬೆಳಕು ಮಾಡಿದ ಪ್ರತಿ ನಾಟಕದ ದೀಪನಕ್ಷೆಯನ್ನೂ ನಾಲ್ಕಾರು ಛಾಯಾಚಿತ್ರಗಳನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ಮುಂದೆ ಸಂದರ್ಶನಕ್ಕೆ ಹೋದಾಗ ನಿಮ್ಮ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ.